ಟ್ಯಾನರಿ ವಾರ್ಡಿನ ಕೆಟ್ಟ ಮತ

ಹ್ಯಾದರ್‌ವಿಕ್ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೌನ್ಸಿಲ್ ಚುನಾವಣೆ ನವೆಂಬರಿನಿಂದ ಮೇ ತಿಂಗಳಿಗೆ ಬಂದ ವರ್ಷದಿಂದಲೂ ಮತಗಟ್ಟೆಯಾಗುವ ಟ್ಯಾನರಿ ವಾರ್ಡಿನ ಶಾಲೆಯ ಬಾಗಿಲಲ್ಲಿ ಎರಡು ಕುರ್ಚಿ ಬೀಳುತ್ತಿದ್ದವು. ಒಂದು ನೀಲಿ ಪಕ್ಷಕ್ಕೆ, ಒಂದು ಕೆಂಪಿಗೆ. ಮತ ಹಾಕಿ ಬಂದವರ ಮತದಾರರ ಪಟ್ಟಿಯ ನಂಬರ್ ಕೇಳಿ ಬರೆದುಕೊಳ್ಳುವುದು, ಇನ್ನೂ ಬಾರದ ಸೋಮಾರಿಗಳನ್ನು ಎಬ್ಬಿಸಿ ತರಲಿ ಎಂದು ಪಕ್ಷದ ಕಚೇರಿಗೆ ಪಟ್ಟಿ ಕಳಿಸುವುದು, ಇಷ್ಟೇ ಅಲ್ಲಿ ಕೂತವರ ಕೆಲಸ. ಇಪ್ಪತ್ನಾಲ್ಕು ಚುನಾವಣೆಗಳಿಂದ ನೀಲಿ ಕುರ್ಚಿ ಕೈಗವಸಿನ ಅಂಗಡಿಯ ಹಿಲ್ಡಾ ಥ್ವೇಟಳದು, ಕೆಂಪು ಕುರ್ಚಿ ರೈಲ್ವೆಯ ನಾರ್ಮನ್ ಗಾರ್ಸೈಡನದು.

ಪಕ್ಷ ಬೇರೆ, ಚರ್ಚು ಬೇರೆ, ಬೀದಿಯೂ ಬೇರೆ. ಮಿಕ್ಕ ದಿನಗಳಲ್ಲಿ ಎದುರಾದರೆ ಅವನು ಟೋಪಿ ಮುಟ್ಟುವನು, ಅವಳು ತಲೆಯಾಡಿಸುವಳು, ಮುಗಿಯಿತು. ಆ ಒಂದು ದಿನಕ್ಕಾಗಿ ಹಿಲ್ಡಾ ವರ್ಷವಿಡೀ ಕಾಯುತ್ತಿದ್ದಳು.

ಹತ್ತು ವರ್ಷದ ಹಿಂದೆ ಇದೇ ಬಾಗಿಲಲ್ಲಿ ಅವನು ಕೇಳಿದ್ದ: "ಮಿಸ್ ಥ್ವೇಟ್, ಭಾನುವಾರ ಸಮುದ್ರ ನೋಡೋಕೆ ಹೋಗಿಬರೋಣ್ವಾ?" ಅಷ್ಟರಲ್ಲಿ ಕಟುಕನ ಹೆಂಡತಿ ಹೊರಗೆ ಬಂದಳು. ಗಲಿಬಿಲಿಗೊಂಡ ಹಿಲ್ಡಾ ಅವಳತ್ತ ತಿರುಗಿ, "ನಂಬರ್ ಹೇಳಿ" ಎಂದುಬಿಟ್ಟಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಉತ್ತರ ಹಾಗೇ ಉಳಿಯಿತು. ನಾರ್ಮನ್ ಎರಡನೇ ಸಲ ಕೇಳುವ ಜಾಯಮಾನದವನಲ್ಲ. ಇನ್ನೂರ ಹದಿನೇಳು. ಕಟುಕನ ಹೆಂಡತಿಯ ಆ ಹಾಳು ನಂಬರು ಹಿಲ್ಡಾಳಿಗೆ ಇಂದಿಗೂ ಬಾಯಿಪಾಠ.

ಈ ವರ್ಷದ್ದೇ ಕೊನೆ. ಪಟ್ಟಣದ ಕೌನ್ಸಿಲನ್ನು ಮುಚ್ಚಿ ದೊಡ್ಡ ಜಿಲ್ಲೆಗೆ ಸೇರಿಸುತ್ತಾರಂತೆ. ನಾರ್ಮನ್ ಕೂಡ ನಿವೃತ್ತನಾಗಿ ಜೂನಿನಲ್ಲಿ ಸ್ಕಾರ್‌ಬರೊ ಊರಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾನೆ.

"ಈ ಕುರ್ಚಿಗಳಿಗೂ ಇನ್ನು ರಿಟೈರ್‌ಮೆಂಟು," ಅಂದ ಅವನು, ಫ್ಲಾಸ್ಕಿನಿಂದ ಅವಳಿಗೆ ಚಹಾ ಬಗ್ಗಿಸುತ್ತಾ.

"ನಿಮ್ಮ ಪಕ್ಷದೋರೇ ಮುರಿದು ಒಲೆಗೆ ಹಾಕ್ತಾರೆ ಬಿಡಿ."

ಇಬ್ಬರೂ ನಕ್ಕರು. ಹಿಲ್ಡಾ ಹೇಳಬೇಕಾದ ಮಾತು ಬೆಳಗಿನಿಂದ ಹತ್ತು ಸಲ ನಾಲಗೆಯ ತುದಿಗೆ ಬಂದು ವಾಪಸಾಗಿತ್ತು.

ಸಂಜೆ ಐದಕ್ಕೆ ತನ್ನ ಮತ ಹಾಕಲು ಅವಳು ಒಳಗೆ ಹೋದಳು. ದಾರ ಕಟ್ಟಿದ ಪೆನ್ಸಿಲ್ ಹಿಡಿದು ಬಹಳ ಹೊತ್ತು ನಿಂತಳು. ಸರಿಯಾಗಿ ಗುರುತಿಲ್ಲದ ಅನುಮಾನದ ಮತಚೀಟಿಗಳನ್ನು ಎಣಿಕೆಯಲ್ಲಿ ಎರಡೂ ಪಕ್ಷದ ಏಜೆಂಟರಿಗೆ ತೋರಿಸಲೇಬೇಕು. ನಾಳೆ ಬೆಳಿಗ್ಗೆ ಆ ಏಜೆಂಟರು ಯಾರೆಂದು ಅವಳಿಗೆ ಗೊತ್ತಿತ್ತು. ಹುಟ್ಟಿದಾರಭ್ಯ ನೀಲಿಯಾದ ಹಿಲ್ಡಾ ಯಾರಿಗೂ ಗುರುತು ಹಾಕಲಿಲ್ಲ. ಬರೆದಳು.

ಮರುದಿನ ಟೌನ್‌ಹಾಲಿನಲ್ಲಿ ಪಟ್ಟಣದ ಗುಮಾಸ್ತ ಪಿಕರ್ಸ್‌ಗಿಲ್ ಆ ಚೀಟಿಯನ್ನು ಏಜೆಂಟರಾಗಿ ಬಂದಿದ್ದ ಹಿಲ್ಡಾ, ನಾರ್ಮನ್ ಇಬ್ಬರ ಮುಂದೆ ಎತ್ತಿ ಹಿಡಿದ. "ಇದ್ಯಾರಪ್ಪ ಈ ಮಹಾಶಯರು! 'ನಾರ್ಮನ್, ಆ ಭಾನುವಾರಕ್ಕೆ ನನ್ನದು ಹೂಂ.' ರದ್ದು ತಾನೇ?"

ಹಿಲ್ಡಾ ನೆಲ ನೋಡುತ್ತಾ, "ರದ್ದು" ಅಂದಳು.

ನಾರ್ಮನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದ. "ಗಾರ್ಸೈಡ್, ಏನಂತೀರಿ?" ಎಂದು ಗುಮಾಸ್ತ ಎರಡು ಸಲ ಕೇಳಬೇಕಾಯಿತು.

"ಕಾನೂನು ಪ್ರಕಾರ ರದ್ದೇ," ಅಂದ.

ಕೊನೆಗೆ ಎರಡೂ ಕಡೆ ನಾನೂರ ಹನ್ನೆರಡು. ಪದ್ಧತಿಯಂತೆ ಟೋಪಿಯೊಳಗೆ ಎರಡು ಹೆಸರು ಹಾಕಿ ಎತ್ತಿದರು; ಕೆಂಪು ಗೆದ್ದಿತು. "ಆ ಭಾನುವಾರದ ಕತ್ತೆ ನಮಗೊಂದು ಗುರುತು ಹಾಕಿದ್ರೆ ಗೆದ್ದಿರ್ತಿದ್ವಿ!" ಎಂದು ನೀಲಿ ಅಭ್ಯರ್ಥಿ ಹಲುಬಿದ. ಕತ್ತೆ ಪಕ್ಕದಲ್ಲೇ ನಿಂತಿತ್ತು, ಅವಳಿಗೆ ನಾಚಿಕೆಯೂ ಆಗಲಿಲ್ಲ.

ಗೆದ್ದವರ ಗಲಾಟೆ ಬಿಟ್ಟು ನಾರ್ಮನ್ ಅವಳ ಬಳಿ ಬಂದ.

"ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ರೈಲಿದೆ, ಹಿಲ್ಡಾ. ಒಂದೇ ಷರತ್ತು. ದಾರೀಲಿ ಯಾರು ಎದುರಾದ್ರೂ ನಂಬರ್ ಕೇಳಕೂಡದು."

ಹಿಲ್ಡಾ ನಗಲು ಹೋದಳು. ಹತ್ತು ವರ್ಷದ ಭಾನುವಾರಗಳೆಲ್ಲ ಒಟ್ಟಿಗೇ ನೆನಪಾಗಿ, ಅಷ್ಟು ಜನರ ನಡುವೆ ಅತ್ತುಬಿಟ್ಟಳು.