ಎಡಬದಿಯ ಅಂಚು

ನಮ್ಮ ಮನೆಯವರು ತೆಗೆಯುವ ಚಿತ್ರಗಳಲ್ಲಿ ಏನೂ ಇರುವುದಿಲ್ಲ. ಇದು ನನ್ನ ಕೊಂಕು ಮಾತಲ್ಲ, ಅವರೇ ಎದೆಯುಬ್ಬಿಸಿ ಹೇಳುವ ಮಾತು. ನಸುಕಿಗೇ ಎದ್ದು, ಊರಾಚೆಯ ಮರಳ ದಿಬ್ಬಗಳಿಗೆ ಒಬ್ಬರೇ ಕಾರು ಓಡಿಸಿಕೊಂಡು ಹೋಗುತ್ತಾರೆ. ಗಾಳಿ ಮರಳಿನ ಮೇಲೆ ಎಳೆದ ಗೆರೆಗಳು, ಒಂದು ಒಣಕಡ್ಡಿ, ಆ ಕಡ್ಡಿಯ ಉದ್ದನೆಯ ನೆರಳು, ಅಷ್ಟೇ. ಬಾಗಿಲಷ್ಟು ಅಗಲದ ಚಿತ್ರದಲ್ಲಿ ಕಡ್ಡಿ ಎಲ್ಲಿದೆ ಎಂದು ನಾನು ಹುಡುಕಬೇಕು.

"ಇಷ್ಟಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಹಿತ್ತಲಲ್ಲಿ ಒಂದು ಪೊರಕೆಕಡ್ಡಿ ನೆಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದು ಕೆಣಕಿದರೆ ನಗುತ್ತಾರೆ. "ಬೇಡದ್ದನ್ನ ಬಿಡೋದೇ ಕಷ್ಟ ಕಣೇ. ನೀನು ಒಂದು ಕಪಾಟು ಖಾಲಿ ಮಾಡಿ ತೋರ್ಸು, ನೋಡೋಣ."

ಅವರದೊಂದು ಹಠವಿದೆ. ತೆಗೆದ ಚಿತ್ರದ ಅಂಚು ಕತ್ತರಿಸಿ ಸರಿಪಡಿಸಬಾರದು. ಬೇಡದ್ದು ಒಳಗೆ ಬಾರದಂತೆ, ನಿಂತ ಜಾಗದಲ್ಲೇ ನೋಡಿಕೊಳ್ಳಬೇಕು. "ಕತ್ತರಿ ಹಿಡಿಯೋಕೆ ನಾನೇನು ದರ್ಜಿಯಾ?" ಎಂದು ಕಲಿಯಲು ಬಂದವರೆದುರು ಗತ್ತಿನಿಂದ ಹೇಳುತ್ತಾರೆ. ಅವರ ಚಿತ್ರಗಳನ್ನು ಕಾಗದಕ್ಕಿಳಿಸುವವನು ನನ್ನ ತಮ್ಮ. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಅವನ ಪ್ರಿಂಟರು, ಉದ್ದನೆಯ ಮೇಜು, ಕಾಗದ ಕತ್ತರಿಸುವ ಅಲಗು ಎಲ್ಲ ಇವೆ. ಭಾವ ಎಂದರೆ ಅವನಿಗೆ ದೇವರು. ಅವರು ಒಳಗೆ ಬಂದರೆ ಸಾಕು, ಕೂತಿದ್ದವನು ಎದ್ದು ನಿಲ್ಲುತ್ತಾನೆ.

ಈಚೆಗೆ ಚಿತ್ರಗಳು ಇನ್ನೂ ಬರಿದಾಗುತ್ತಿದ್ದವು. ಎಲ್ಲೋ ಮೂಲೆಯಲ್ಲಿರುತ್ತಿದ್ದ ಕಡ್ಡಿಯೂ ನಟ್ಟನಡುವೆ ಬಂದು ನಿಂತಿತು. ನೋಡಿದವರು "ಈಗ ಮಾಗಿದ್ದಾರೆ" ಎಂದು ತಲೆದೂಗಿದರು. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ?

ಮೊನ್ನೆ ಸಂಜೆ ಅಡುಗೆಮನೆಯ ಡಬ್ಬಿಗಳಿಗೆ ಹೆಸರು ಬರೆದು ಅಂಟಿಸಲು ದಪ್ಪ ಕಾಗದ ಬೇಕಾಯಿತು. ಇವರು ಮಹಡಿಯಲ್ಲಿ ಮರುದಿನದ ಪ್ರಯಾಣಕ್ಕೆ ಚೀಲ ಜೋಡಿಸುತ್ತಿದ್ದರು. ನಾನು ತಮ್ಮನ ಕೋಣೆಗೆ ಇಳಿದು, ಮೇಜಿನಡಿಯ ಕಸದ ಬುಟ್ಟಿಯಿಂದ ಒಂದು ಹಿಡಿ ಚೂರುಗಳನ್ನು ಎತ್ತಿಕೊಂಡೆ. ಎರಡು ಬೆರಳಗಲದ ಉದ್ದುದ್ದ ಪಟ್ಟಿಗಳು. ಒಂದು ಬದಿ ಬಿಳಿ, ಇನ್ನೊಂದು ಬದಿ ಮರಳು. ಒಂದು ಪಟ್ಟಿಯ ಮರಳಿನ ಮೇಲೆ ಟೋಪಿಯ ನೆರಳು ಬಿದ್ದಿತ್ತು. ಒಂದು ಕಡೆ ಜೋತುಬಿದ್ದ ಟೋಪಿ. ಅದನ್ನು ಬಿಸಿನೀರಿನಲ್ಲಿ ಒಗೆದು ಹಾಳು ಮಾಡಿದವಳು ನಾನೇ, ಗುರುತು ಸಿಗದೆ ಇರುತ್ತದೆಯೇ? ಇನ್ನೊಂದರಲ್ಲಿ ಅವರ ಕ್ಯಾಮೆರಾ ಚೀಲದ ಪಟ್ಟೆ. ಮತ್ತೊಂದರಲ್ಲಿ ನಮ್ಮದೇ ಕಾರಿನ ಹಿಂದಿನ ದೀಪ.

"ಏನೋ ಇದು?"

ತಮ್ಮ ಬಾಗಿಲ ಕಡೆ ನೋಡಿದ. "ಮೆಲ್ಲಗೆ ಅಕ್ಕ, ಭಾವನಿಗೆ ಕೇಳಿಸುತ್ತೆ."

"ಅವರ ಚಿತ್ರಾನ ಕತ್ತರಿಸ್ತಾ ಇದ್ದೀಯಾ?"

"ಕಣ್ತಪ್ಪಿ ಬಂದಿರ್ತವೆ. ತೋರ್ಸಿದ್ರೆ ನೊಂದ್ಕೋತಾರೆ ಅಂತ ನಾನೇ ತೆಗೆದು ಚೌಕಟ್ಟು ಹಾಕಿಬಿಡ್ತೀನಿ. ಫೈಲಿಗೆ ಕೈ ಹಾಕ್ಬೇಡ ಅಂದಿದ್ದಾರೆ, ಕಾಗದಕ್ಕೆ ಹಾಕ್ಬೇಡ ಅಂದಿಲ್ವಲ್ಲ."

"ಯಾವಾಗಿಂದ?"

"ಹೋದ ವರ್ಷದಿಂದ. ಮೊದಮೊದಲು ಅಪರೂಪಕ್ಕೆ ಒಂದು. ಈಗ ಎಲ್ಲದರಲ್ಲೂ ಇರುತ್ತೆ."

"ಯಾವ ಕಡೆ ಕತ್ತರಿಸ್ತೀಯಾ?"

ಅವನು ನನ್ನ ಕೈಯಲ್ಲಿದ್ದ ಪಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿದ. "ಎಡಗಡೆ," ಎಂದ. "ಯಾವಾಗ್ಲೂ ಎಡಗಡೆನೇ."

ಒಂದೊಂದೇ ನೆನಪಾಯಿತು. ಕಾರಿನ ಎಡಗನ್ನಡಿ ಮುರಿದಾಗ ಇವರು ಗೇಟಿನ ಕಂಬವನ್ನೇ ಬೈದಿದ್ದರು. ಊಟಕ್ಕೆ ಕೂತಾಗಲೆಲ್ಲ ಎಡಗೈ ತಗುಲಿ ನೀರಿನ ಲೋಟ ಉರುಳುತ್ತಿತ್ತು. "ಜ್ಞಾನ ಎಲ್ಲಿರುತ್ತೆ ನಿಮಗೆ" ಎಂದು ರೇಗಿ ನಾನು ಲೋಟವನ್ನು ಬಲಗಡೆ ಇಡತೊಡಗಿದ್ದೆ. ಇವನು ಅಂಚು ಕತ್ತರಿಸಿದ, ನಾನು ಲೋಟ ಸರಿಸಿದೆ. ಅಕ್ಕ ತಮ್ಮ ಇಬ್ಬರೂ ಸೇರಿ ಅವರ ಕಾಯಿಲೆಗೆ ಚೊಕ್ಕಟವಾಗಿ ಮುಚ್ಚಳ ಹಾಕಿದ್ದೆವು. ಬೆಳಗಾದರೆ ಆ ಕಣ್ಣು ಇಟ್ಟುಕೊಂಡು ಅವರು ಹೆದ್ದಾರಿಗೆ ಹೊರಡುವವರಿದ್ದರು.

ತಮ್ಮನ ಕೆನ್ನೆಗೆ ಎರಡು ಬಾರಿಸುವಷ್ಟು ಸಿಟ್ಟು ಬಂತು. "ಈ ವಾರದ ಚಿತ್ರ ಇದೆಯಲ್ಲ, ಅದನ್ನ ಪೂರ್ತಿ ಪ್ರಿಂಟ್ ಹಾಕು. ಅಲಗು ಮುಟ್ಟಿದ್ರೆ ನೋಡು."

"ಆಮೇಲೆ ಭಾವ ನನ್ನ ಮುಖ ನೋಡಲ್ಲ ಅಕ್ಕ."

"ಕಣ್ಣಿದ್ರೆ ತಾನೇ ನೋಡೋದು?" ಎಂದುಬಿಟ್ಟೆ. ಅಂದ ಮೇಲೆ ನನಗೇ ಅಳು ಒತ್ತಿಕೊಂಡು ಬಂತು.

ಪ್ರಿಂಟ್ ಆದ ಮೇಲೆ ನಾನು ಕೂಗಿದಾಗ ಇವರು ಕಾರಿನ ಬೀಗದಕೈ ಬೆರಳಿಗೆ ಸಿಕ್ಕಿಸಿಕೊಂಡು ಇಳಿದು ಬಂದರು. ಬರುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ತಗುಲಿತು. ಅವರು ಗಮನಿಸಲೂ ಇಲ್ಲ. ಗೋಡೆಗೆ ಸಿಕ್ಕಿಸಿದ್ದ ಚಿತ್ರದೆದುರು ಕೈಕಟ್ಟಿ ನಿಂತರು. ಮರಳ ಗೆರೆಗಳು, ನಡುವೆ ಕಡ್ಡಿ, ಎಡಗಡೆ ತಲೆಯಿಂದ ಸೊಂಟದವರೆಗೂ ಅವರದೇ ನೆರಳು. ಕುರುಡನಿಗೂ ಕಾಣುವಂತಿತ್ತು ಎಂದು ಬೇರೆ ದಿನವಾಗಿದ್ದರೆ ಹೇಳುತ್ತಿದ್ದೆ.

"ಚೆನ್ನಾಗಿ ಬಂದಿದೆ ಕಣೋ. ಒಂದಿಷ್ಟೂ ಜಾಸ್ತಿ ಇಲ್ಲ," ಎಂದರು.

ತಮ್ಮ ನೆಲ ನೋಡಿದ.

"ರೀ, ಎಡಗಡೆ ನೋಡಿ," ಎಂದೆ.

"ನೋಡಿದೆನಲ್ಲ. ಬರೀ ಮರಳು."

ಅವರ ಕೈ ಹಿಡಿದು, ತೋರುಬೆರಳನ್ನು ಆ ಟೋಪಿಯ ಮೇಲೆ ಒತ್ತಿದೆ. ಬೆರಳು ಎಲ್ಲಿ ಹೋಯಿತೆಂದು ನೋಡಲು ಅವರು ಕತ್ತು ತಿರುಗಿಸಬೇಕಾಯಿತು. ಕಂಡಿತು. ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು.

"ಇದನ್ನ ಯಾರು ಸೇರ್ಸಿದ್ದು?" ಎಂದು ಗದರಿದರು.

ತಮ್ಮ ಬುಟ್ಟಿಯನ್ನೇ ಮೇಜಿನ ಮೇಲೆ ಸುರಿದ. ಅವರು ಒಂದೊಂದೇ ಪಟ್ಟಿ ಎತ್ತಿ, ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡಿದರು. ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಚಿತ್ರವೊಂದರ ಅಂಚಿಗೆ ಒಂದು ಪಟ್ಟಿಯನ್ನು ಹಿಡಿದರು. ಮರಳಿನ ಗೆರೆಗೆ ಗೆರೆ ಕೂಡಿಕೊಂಡಿತು. ಇನ್ನೊಂದು ಚಿತ್ರಕ್ಕೆ ಇನ್ನೊಂದು ಪಟ್ಟಿ ಹಿಡಿದರು, ಅದೂ ಕೂಡಿತು. ಮೂರನೆಯದನ್ನು ಹಿಡಿಯಲಿಲ್ಲ. ಕೂಗಾಡುತ್ತಾರೆಂದು ಕಾದೆ. ಅವರು ತಮ್ಮನ ಸ್ಟೂಲಿನ ಮೇಲೆ ಕೂತರು. ತಮ್ಮ ಎಂದಿನಂತೆ ಎದುರಿಗೆ ನಿಂತಿದ್ದ.

"ಹೋದ ಸಲ ವಾಪಸ್ ಬರುವಾಗ ಒಬ್ಬ ಸೈಕಲ್‌ನವನು ಕಿರುಚಿದ," ಎಂದರು ಮೆಲ್ಲಗೆ. "ಕುಡಿದಿದ್ದಾನೆ ಅನ್ಕೊಂಡೆ. ನಿಲ್ಲಿಸ್ಲಿಲ್ಲ."

"ಬಿದ್ನಾ ಭಾವ?"

"ಗೊತ್ತಿಲ್ಲ ಕಣೋ. ಎಡಗಡೆ ಇದ್ದ."

ನಾಳೆ ರಸ್ತೆಯ ಮೇಲಲ್ಲ, ಕಣ್ಣಿನ ಡಾಕ್ಟರ ಬಾಗಿಲಲ್ಲಿ ಇರುತ್ತೇವೆಂದು ಹೇಳಲು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಇವರು ಬೆರಳಿನಿಂದ ಬೀಗದಕೈ ಬಿಡಿಸಿ ತಮ್ಮನತ್ತ ಚಾಚಿದರು.

"ಇವಳೆಲ್ಲಿ ಹೋದ್ಳು?" ಎಂದು ಕೇಳಿದರು. "ಇದನ್ನ ಅವಳ ಹತ್ರ ಕೊಡು. ನಾನು ಜಗಳ ಆಡಿದ್ರೂ ವಾಪಸ್ ಕೊಡ್ಬೇಡ ಅಂತ ಹೇಳು."

ತಮ್ಮ ನನ್ನ ಮುಖ ನೋಡಿದ. ನಾನು ಎಲ್ಲಿಗೂ ಹೋಗಿರಲಿಲ್ಲ. ಅವರ ಎಡಕ್ಕೆ, ಒಂದು ಮೊಳ ದೂರದಲ್ಲಿ ನಿಂತಿದ್ದೆ.