ಮೆಟ್ಟಿಲ ಕೆಳಗಿನ ಟಕ್ ಟಕ್

ಬಿಸಿಲು ನೆತ್ತಿಗೇರಿದರೆ ಸಾಕು, ಟ್ಯಾಕ್ಸಿಯವನ ಮನೆಯ ಮೆಟ್ಟಿಲ ಕೆಳಗಿಂದ ಟಕ್ ಅಂತ ಸದ್ದು. ತುಸು ಬಿಟ್ಟು ಇನ್ನೊಂದು ಟಕ್. ತೀರಿಹೋದ ಮಾವ ಊರುಗೋಲು ಊರಿಕೊಂಡು ಓಡಾಡುತ್ತಿದ್ದುದೂ ಥೇಟ್ ಹೀಗೇ! ಟ್ಯಾಕ್ಸಿಯವನ ಹೆಂಡತಿ ಬೆಚ್ಚಿ ತಿರುಗಿ ನೋಡುತ್ತಿದ್ದಳು. ಸಾಕಿದ ಬೆಕ್ಕು ಹೊಸಿಲು ದಾಟುವುದನ್ನೇ ಬಿಟ್ಟಿತ್ತು. ಮೆಟ್ಟಿಲ ಪಕ್ಕ ಚಾಪೆಯ ಮೇಲೆ ಮಲಗುವ ಮಗು, ಎದ್ದೊಡನೆ ತಲೆ ಹಿಡಿದುಕೊಂಡು ಅಳುತ್ತಿತ್ತು.

“ರೀ, ಅಲ್ಲಿ ಏನೋ ಇದೆ.”

“ನಿನ್ನ ತಲೆ! ಇಲಿ ಇರಬೇಕು. ಪರದೆ ಹಿಂದೆ ಗಾಡಿ ಸಾಮಾನಿದೆ, ಮುಟ್ಟಬೇಡ,” ಅಂದ ಗಂಡ ಮುಖ ತಿರುಗಿಸಿಕೊಂಡ.

ಒಂದು ಮಧ್ಯಾಹ್ನ ನಾದಿನಿ ಬಂದಳು. ಬ್ಯಾಟರಿ ಬಸ್ಸಿನ ಡ್ರೈವರ್ ಅವಳು. ಬಾಗಿಲಲ್ಲೇ ಮೂಗರಳಿಸಿ ನಿಂತಳು.

“ಅತ್ತಿಗೆ, ಕಡ್ಡಿ ಗೀರಬೇಡಿ! ಸ್ವಿಚ್ಚೂ ಮುಟ್ಟಬೇಡಿ. ಮಗೂನ ಎತ್ಕೊಂಡು ಹೊರಗೆ ಬನ್ನಿ. ಅಣ್ಣಾ, ನೀನೂ!”

ಬೀದಿಗೆ ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿದಳು. ಒಳಗಿಂದ ಇನ್ನೊಂದು ಟಕ್ ಕೇಳಿಸಿತು. ಅವರು ಬಂದು ಪರದೆ ಸರಿಸಿ, ಉಬ್ಬಿಕೊಂಡಿದ್ದ ನೀರಿನ ಕ್ಯಾನುಗಳನ್ನು ಹೊರಗೆ ತಂದರು. ಅವುಗಳ ಒಳಗೆಲ್ಲ ಪೆಟ್ರೋಲು.

“ನಮ್ಮನೇಲಿ ಪೆಟ್ರೋಲ್ ವಾಸನೆ ಹೊಸದೇನೇ?” ಅಂತ ಗೊಣಗಿದ ಗಂಡ. “ಎಲ್ಲಾ ಬ್ಯಾಟರಿ ಗಾಡಿ ಆಗತ್ತಂತೆ, ಮುಂದೆ ಪೆಟ್ರೋಲೇ ಸಿಗಲ್ವಂತೆ. ಅದಕ್ಕೇ ಕೂಡಿಟ್ಟೆ. ಹೊಟ್ಟೆಪಾಡು ಕಣೇ.”

“ಅಣ್ಣ, ಬಂಕೇನು ರಾತ್ರೋರಾತ್ರಿ ಮುಚ್ಚಿಬಿಡ್ತಾರಾ? ಇವೆಲ್ಲ ನಿಧಾನಕ್ಕೆ ಬದಲಾಗತ್ತೆ. ಕೂಡಿಟ್ಟ ಪೆಟ್ರೋಲ್ ಕೆಲವೇ ತಿಂಗಳಲ್ಲಿ ಕೆಡತ್ತೆ. ಕಾವಿಗೆ ಕ್ಯಾನ್ ಉಬ್ಬಿ ಟಕ್ ಅನ್ನತ್ತೆ. ಮುಚ್ಚಳದ ಸಂದಿಯಿಂದ ಸೋರೋ ಆವಿ ಕಣ್ಣಿಗೆ ಕಾಣಲ್ಲ, ಗಾಳಿಗಿಂತ ಭಾರ. ನೆಲದ ಮೇಲೆ ತೆವಳ್ಕೊಂಡು, ಮಗೂ ಚಾಪೆ ದಾಟಿ, ಒಲೆವರೆಗೂ ಹೋಗತ್ತೆ.”

ಅತ್ತಿಗೆ ಮಗುವಿನ ಕೂದಲು ಮೂಸಿದಳು. ಪೆಟ್ರೋಲು! ಚಹಾಕ್ಕೆಂದು ತೆಗೆದ ಬೆಂಕಿಕಡ್ಡಿ ಇನ್ನೂ ಕೈಯಲ್ಲೇ ಇತ್ತು. “ಅಯ್ಯೋ ನನ್ನ ಕಂದಾ,” ಎಂದು ಕಡ್ಡಿಯನ್ನು ಚರಂಡಿಗೆ ಎಸೆದಳು.

ಟ್ಯಾಕ್ಸಿಯವನು, “ಹಾಗಾದ್ರೆ ನನ್ನ ಗತಿ?” ಅಂದ.

“ಈ ಗಾಡಿ ಓಡೋವರೆಗೂ ಬಂಕಿಗೇ ಹೋಗಿ ಹಾಕಿಸ್ಕೋ. ಮುಂದಿನದು ಬ್ಯಾಟರಿದೋ ಗ್ಯಾಸಿಂದೋ ನೋಡೋಣ. ದಿನಕ್ಕೆ ಎಷ್ಟು ದೂರ ಓಡಿಸ್ತೀಯ, ಚಾರ್ಜ್ ಎಲ್ಲಿ ಸಿಗತ್ತೆ, ಎಲ್ಲಾ ವಿಚಾರಿಸಿ ತಗೊಳ್ಳೋಣ. ನಾನಿದ್ದೀನಲ್ಲ!”

“ಆಯ್ತಮ್ಮ. ಇನ್ನು ಒಂದು ತೊಟ್ಟೂ ಮನೆಗೆ ತರಲ್ಲ,” ಎಂದು ಅವನು ಮಗುವನ್ನು ಎದೆಗವಚಿಕೊಂಡ. ಮನೆಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಬೆಕ್ಕೂ ಒಳಗೆ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಗಾಡಿಗಳು ಬದಲಾಗುವ ಕಾಲವಿದು. ಕೇಳಿ ತಿಳಿದುಕೊಳ್ಳಿ, ಹೆದರಿ ಇಂಧನ ಕೂಡಿಡಬೇಡಿ. ಈಗಲೇ ಎದ್ದು ನಿಮ್ಮ ಮನೆಯ ಮೆಟ್ಟಿಲ ಕೆಳಗೂ ಒಮ್ಮೆ ಬಗ್ಗಿ ನೋಡಿ. ದೀಪ ಹಿಡಿದು ಮಾತ್ರ ಹೋಗಬೇಡಿ.