ಮೂರು ಟನ್ನಿನ ಎಳೆತ

ಕಾರ್ಖಾನೆಯ ದೊಡ್ಡ ಫ್ಯಾನಿನ ಅಚ್ಚು ಹೊರುವ ಬೇರಿಂಗಿನ ಬೋಲ್ಟು ತುಂಡಾಯಿತು, ಶಿಕ್ಷೆ ಫಿಟ್ಟರ್ ಮಾವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಸುಮ್ಮನಲ್ಲ. ಇಪ್ಪತ್ತಾರು ವರ್ಷ ಸ್ಪ್ಯಾನರ್ ಹಿಡಿದ ಕೈ ಬೋಲ್ಟನ್ನು ಸಡಿಲ ಬಿಟ್ಟಿತಂತೆ! ನಾಳೆಯಿಂದ ಬರಬೇಡ ಎಂಬ ಕಾಗದವೂ ಟೈಪಾಗಿತ್ತು. ಕಂಪನ ಅಳೆಯುವವಳ ಸಹಿ ಒಂದೇ ಬಾಕಿ. ಆ ಅಳೆಯುವವಳು ಅವನ ಸ್ವಂತ ಅಕ್ಕನ ಮಗಳು.

"ಸಹಿ ಹಾಕಮ್ಮ," ಎಂದ ಮ್ಯಾನೇಜರ್. "ಹೊರಗಿನ ತಜ್ಞರೇ ಲೆಕ್ಕ ಹಾಕಿದಾರೆ. ಬಿದ್ದಿದ್ದ ಬಲ ಬರೀ ಅರ್ಧ ಟನ್. ಅಷ್ಟಕ್ಕೆ ಬಿಗಿ ಬೋಲ್ಟು ಮುರಿಯುತ್ತಾ?"

ತಿರುಗುವ ಫ್ಯಾನಿನ ಬಲವನ್ನು ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ಅದು ನಿಂತಾಗ ಅಳತೆಯ ಸುತ್ತಿಗೆಯಿಂದ ಹೊಡೆದು, ಇಷ್ಟು ಏಟಿಗೆ ಇಷ್ಟು ನಡುಕ ಎಂದು ಗುರುತು ಮಾಡಿಕೊಳ್ಳಬೇಕು. ಆಮೇಲೆ ಓಡುವಾಗಿನ ನಡುಕದಿಂದ ಬಲವನ್ನು ಲೆಕ್ಕ ಹಾಕಬೇಕು. ತಜ್ಞನ ವರದಿಯ ಫೋಟೋ ನೋಡಿ ಅವಳ ಮೈಯೆಲ್ಲ ಉರಿಯಿತು. ಬೇರಿಂಗಿಗೆ ಗ್ರೀಸ್ ಮೆತ್ತಿದೆ, ಶರ್ಟು ಕೊಳೆಯಾದೀತು ಎಂದು ಆ ಪುಣ್ಯಾತ್ಮ ಸುತ್ತಿಗೆಯ ಪರೀಕ್ಷೆಯನ್ನು ಪಕ್ಕದ ತೆಳು ತಗಡಿನ ಮುಚ್ಚಳದ ಮೇಲೆ ಮಾಡಿದ್ದ. ತಗಡು ಸಣ್ಣ ಏಟಿಗೂ ಗಡಗಡ ನಡುಗುತ್ತದೆ; ಹಾಗಾಗಿ ಬೇರಿಂಗಿನ ದೊಡ್ಡ ನಡುಕಕ್ಕೂ ಸಣ್ಣ ಬಲವೇ ಸಾಕೆಂದು ಲೆಕ್ಕ ಬಂದಿತ್ತು. ತಗಡಿನ ಮಾತು ಕೇಳಿ ಮಾವನ ಕುತ್ತಿಗೆ ಕೊಯ್ಯಲು ಹೊರಟಿದ್ದರು.

ಅವಳು ಗ್ರೀಸ್ ಒರೆಸಿ ಬೇರಿಂಗಿನ ಮೇಲೆಯೇ ಹತ್ತು ಏಟು ಹಾಕಿದಳು. ಓಡುವಾಗಿನ ಅಳತೆ ಅವಳ ಪುಸ್ತಕದಲ್ಲೇ ಇತ್ತು. ಅದನ್ನು ಏಟಿನ ಗುರುತಿನಿಂದ ಭಾಗಿಸಿದಾಗ ಬಂದದ್ದು ಮೂರು ಟನ್ನಿಗೂ ಮೇಲೆ.

"ಇಷ್ಟು ಬಲ ವಾರಗಟ್ಟಲೆ ಎಳೆದ್ರೆ ಬಿಗಿ ಬೋಲ್ಟೂ ಮುರಿಯುತ್ತೆ," ಎಂದಳು. "ರೆಕ್ಕೆಗೆ ಧೂಳು ಕಟ್ಟಿದೆ, ನಿಲ್ಲಿಸಿ ಕೆರೀಬೇಕು ಅಂತ ಮಾವ ಮೂರು ಸಲ ಕೇಳ್ದ. ಬೇಡ ಅಂದೋರು ನೀವು. ನಾನು ಸಹಿ ಹಾಕಲ್ಲ."

"ಹಾಗಾದ್ರೆ ಮಾವನ ಜೊತೆ ನೀನೂ ಮನೆಗೆ ಹೋಗು. ಹೊಸ ಬೋಲ್ಟು ಹಾಕಾಯ್ತಲ್ಲ, ಫ್ಯಾನ್ ಶುರು ಮಾಡಿ."

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೂ ಜೇಬಿನಿಂದ ಬೀಗ ತೆಗೆದು ಸ್ವಿಚ್ಚಿಗೆ ಜಡಿದಳು. ಅಲ್ಲಿನ ನಿಯಮ ಅದು: ಯಂತ್ರದ ಕೆಲಸ ಮಾಡುವವರು ಬೀಗ ಹಾಕಿದರೆ, ಅವರೇ ತೆಗೆಯುವ ತನಕ ಯಾರಪ್ಪನೂ ಶುರು ಮಾಡುವಂತಿಲ್ಲ. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ಮಾವ ಮುಂದೆ ಬಂದು ತನ್ನ ಬೀಗವನ್ನೂ ಪಕ್ಕದಲ್ಲಿ ಹಾಕಿದ.

"ನಿನ್ನನ್ನ ಕೆಲಸದಿಂದ ತೆಗೆದಾಯ್ತು," ಎಂದ ಮ್ಯಾನೇಜರ್.

"ನಾಳೆಯಿಂದ ತಾನೆ ಸಾರ್? ಇವತ್ತು ಸಂಜೆವರೆಗೂ ನಾನೇ ಫಿಟ್ಟರ್."

ಮಾವ ಫ್ಯಾನಿನ ಬಾಗಿಲು ಬಿಚ್ಚಿ ಒಳಗೆ ತೂರಿದ. ಕರಕರ ಕೆರೆದು, ಒಂದೇ ರೆಕ್ಕೆಯಿಂದ ಕಲ್ಲಿನಷ್ಟು ಗಟ್ಟಿಯಾದ ಧೂಳಿನ ಹೆಂಟೆ ಹಿಡಿದು ಹೊರಬಂದ. ಅವಳು ತೂಗಿದಳು: ಮೂರು ಕಿಲೋ. ಅದನ್ನು ಮ್ಯಾನೇಜರನ ಕೈಯಲ್ಲೇ ಇಟ್ಟಳು.

"ಇಷ್ಟೇನಾ?" ಎಂದ ಅವನು.

"ಇಷ್ಟೇ. ನಿಮಿಷಕ್ಕೆ ಸಾವಿರ ಸುತ್ತು ತಿರುಗಿದ್ರೆ ಮೂರು ಟನ್ನಿನ ಎಳೆತ. ಹೊರಗಿಂದ ಸುತ್ತಿಗೆ ಹೊಡೆದು ನಾನು ಹೇಳಿದ್ದೂ ಅಷ್ಟೇ."

ಮ್ಯಾನೇಜರನ ಬಿಳಿ ಶರ್ಟಿನ ತುಂಬ ಧೂಳು. "ಸರಿ, ಕಾಗದ ಹರಿದು ಹಾಕ್ತೀನಿ. ಬೀಗ ತೆಗೀರಿ."

"ಹರೀಬೇಡಿ," ಎಂದಳು ಅವಳು. "ಅದರ ಬೆನ್ನಿಗೇ ಬರೀರಿ, ರೆಕ್ಕೆ ಕೆರೀಬೇಡಿ ಅಂದೋನು ನಾನು ಅಂತ. ಆಮೇಲೆ ಬೀಗದ ಮಾತು."